ಜನಾರ್ದನ ತಿರುಗುವ ಕಡೆ

"ಗಂಗಾಧರಪ್ಪ, ಈಚೆ ಬನ್ನಿ. ಭೂತಪ್ಪ, ನೀನು ಹೋಗೋ."

ಕೋಚು ಶ್ರೀನಿವಾಸಮೂರ್ತಿ ಅಂದದ್ದು ಇಷ್ಟೇ. ಕ್ಯಾಪ್ಟನ್ ಅನ್ನುವ ಮರ್ಯಾದೆಯಾದರೂ ಬೇಡವೇ! ಭದ್ರಾವತಿಯ ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡವನ್ನು ಇಷ್ಟು ವರ್ಷ ನಡೆಸಿಕೊಂಡು ಬಂದ ಗಂಗಾಧರಪ್ಪ, ಶಿವಮೊಗ್ಗದ ಜನರ ಶಿಳ್ಳೆಯ ನಡುವೆ ಮಣ್ಣಿನ ಕೋರ್ಟು ದಾಟಿ ಬೆಂಚಿಗೆ ಬಂದು ಕೂತ. "ಅಜ್ಜನಿಗೆ ಒಂದು ಕಂಬಳಿ ಕೊಡ್ರೋ" ಅಂತ ಯಾರೋ ಕೂಗಿದರು. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ.

ಅರವತ್ತೆರಡನೇ ಇಸವಿಯ ಸೀಸನ್ ಶುರುವಾಗಿ ಎರಡು ಮ್ಯಾಚು ಆಗಿದ್ದವು, ಎರಡೂ ಸೋಲು. ತಪ್ಪೆಲ್ಲ ಕ್ಯಾಪ್ಟನ್ನನ ನೋಯುವ ಮಂಡಿಯದೇ ಅಂತ ಕೋಚು ತೀರ್ಮಾನ ಮಾಡಿಬಿಟ್ಟಿದ್ದ. ಬಾಸ್ಕೆಟ್‌ಬಾಲ್ ಅಂದರೆ ಆಫೀಸಿನ ಫೈಲು ಅಂದುಕೊಂಡಿದಾನೆ, ಇವನ ಮುಖಕ್ಕೆ ಮಂಗಳಾರತಿ ಎತ್ತ! ಭೂತಪ್ಪನ ಮೇಲಂತೂ ಗಂಗಾಧರಪ್ಪನಿಗೆ ಇನ್ನೂ ಉರಿಯಿತು. ಮಲವಗೊಪ್ಪದಲ್ಲಿ ವಾಲಿಬಾಲ್ ಆಡಿಕೊಂಡಿದ್ದವನನ್ನು ಕರೆತಂದು ಬಾಲು ಹಿಡಿಯೋದು ಕಲಿಸಿದವರು ಯಾರು? ಈಗ ನೋಡಿ, ಕರೆದ ಕೂಡಲೇ ಹೆಂಗೆ ಎದ್ದು ಓಡಿದ! ಒಂದು ಸಲ ಹಿಂತಿರುಗಿ ನೋಡಲೂ ಇಲ್ಲ.

ಹುಡುಗ ಚೆನ್ನಾಗಿಯೇ ಆಡಿದ. ಅದೇ ಸಂಕಟ. ಹಿಂದೆ ಬಿದ್ದಿದ್ದ ತಂಡ ಒಂದು ಪಾಯಿಂಟು ಮುಂದೆ ಬಂತು. ಇವತ್ತು ತಾನಿಲ್ಲದೆ ಗೆದ್ದರೆ ಮುಗಿಯಿತು, ಇನ್ನು ತನ್ನ ಜಾಗ ಈ ಬೆಂಚೇ. ಸೋಲಲಿ, ಸೋತು ಹಾಳಾಗಿ ಹೋಗಲಿ ಎಂದು ಗಂಗಾಧರಪ್ಪ ಹಲ್ಲು ಕಚ್ಚಿ ಕೂತ.

ಕೊನೆಯ ಗಳಿಗೆಯಲ್ಲಿ ಟೈಮ್‌ಔಟ್ ಆಯಿತು. ಬಾಲು ಶಿವಮೊಗ್ಗದವರದು. ಅದು ಅವರ ಜನಾರ್ದನನ ಕೈಗೇ ಹೋಗುವುದು ಎಲ್ಲರಿಗೂ ಗೊತ್ತಿತ್ತು. ಅವನನ್ನು ತಡೆಯಬೇಕಿದ್ದ ಭೂತಪ್ಪ ಬೆವರು ಒರೆಸಿಕೊಳ್ಳುತ್ತಾ ನೇರ ಬೆಂಚಿನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ಗಂಗಣ್ಣ, ಆ ಜನಾರ್ದನ ಯಾವ ಕಡೆ ತಿರುಗ್ತಾನೆ? ನೀವು ಅವನ ಎದುರು ಎಷ್ಟೋ ಸಲ ಆಡಿದೀರಲ್ಲ."

ಬಲಕ್ಕೆ ಹೋಗುವ ಹಾಗೆ ತೋರಿಸಿ ಎಡಕ್ಕೆ ತಿರುಗುತ್ತಾನೆ. ಪ್ರತಿ ಸಲವೂ. ಗೊತ್ತಿದ್ದೂ ಮಂಡಿ ಮಾತು ಕೇಳದೆ ಗಂಗಾಧರಪ್ಪ ಇವತ್ತೂ ಅವನನ್ನು ನುಸುಳಲು ಬಿಟ್ಟಿದ್ದ.

"ಅವನ ಬಲಕ್ಕೆ," ಅಂದ. "ಕಣ್ಣು ಮುಚ್ಕೊಂಡು ಆ ಕಡೆ ಹಾರು."

ಭೂತಪ್ಪ ಹಾರಿದ. ಜನಾರ್ದನ ಎಡಕ್ಕೆ ತಿರುಗಿ, ಬೇಲಿ ಮುರಿದ ಹೊಲಕ್ಕೆ ದನ ನುಗ್ಗಿದ ಹಾಗೆ ನುಗ್ಗಿ ಬಾಲು ಹಾಕಿದ. ಸೀಟಿ ಕೂಗಿತು. ಮೂರನೆಯ ಸೋಲು, ಅದೂ ಒಂದೇ ಪಾಯಿಂಟಿನಲ್ಲಿ.

"ಆ ಕಡೆ ಹಾರು ಅಂತ ಯಾವನೋ ಹೇಳಿದ್ದು ನಿನಗೆ?" ಕೋಚು ಎಲ್ಲರೆದುರು ಕಿರುಚಿದ.

ಗಂಗಾಧರಪ್ಪ ಬಗ್ಗಿ ಬೂಟಿನ ಲೇಸು ಬಿಗಿಯತೊಡಗಿದ.

"ಯಾರೂ ಇಲ್ಲ ಸಾರ್. ನಾನೇ ಹಂಗಂದ್ಕೊಂಡೆ," ಅಂದ ಭೂತಪ್ಪ.

"ದಂಡಪಿಂಡ! ಮುಂದಿನ ಮ್ಯಾಚಿಗೆ ನೀನು ಬೆಂಚಲ್ಲಿರು. ಗಂಗಾಧರಪ್ಪ, ನೀವೇ ಆಡಿ."

ತಂಡ ಲಾರಿಯಲ್ಲಿ ವಾಪಸು ಹೊರಟಿತು. ಜಾಗ ಸಿಕ್ಕಿತ್ತು, ಆದರೂ ಗಂಗಾಧರಪ್ಪನ ಮೈಯೆಲ್ಲ ಉರಿ. ಈ ಹುಡುಗ ಯಾಕೆ ಬಾಯಿ ಬಿಡಲಿಲ್ಲ? ಇವನ ಉಪಕಾರ ಯಾರಿಗೆ ಬೇಕಿತ್ತು? ಮಲವಗೊಪ್ಪದಲ್ಲಿ ಲಾರಿ ನಿಂತಿತು. ಭೂತಪ್ಪ ಧುಮುಕಿದವನು, ಮನೆ ಕಡೆ ಹೋಗದೆ ಅಲ್ಲೇ ನಿಂತು ತಲೆಯೆತ್ತಿದ.

"ಗಂಗಣ್ಣ, ಅವನು ಎಡಕ್ಕೇ ತಿರುಗೋದು ಅಂತ ನಿಮಗೆ ಗೊತ್ತಿತ್ತು, ಅಲ್ವಾ?"

ಲಾರಿಯಲ್ಲಿದ್ದವರೆಲ್ಲ ಗಂಗಾಧರಪ್ಪನ ಮುಖ ನೋಡಿದರು. ಅವನು ಡ್ರೈವರಿಗೆ ಕೇಳುವ ಹಾಗೆ ಪಕ್ಕದ ಹಲಗೆಗೆ ದಬದಬ ಬಡಿದ.

"ಹೋಗಲಿ, ಹೋಗಲಿ! ನಡಿ ಮಾರಾಯ, ಏನು ಮಾಡ್ತಿದೀಯ ಅಲ್ಲಿ!"

ಡ್ರೈವರು ಕಡ್ಡಿ ಗೀರಿ, ಗಾಳಿಗೆ ಕೈ ಮರೆಮಾಡಿ, ನಿಧಾನಕ್ಕೆ ಬೀಡಿ ಹಚ್ಚಿಕೊಳ್ಳುತ್ತಿದ್ದ.