ಮೇರಿಯ ಮುಖಕ್ಕೆ ಬಳಿದ ಗಾರೆ

ಬೆಳಿಗ್ಗೆಯಿಂದ ಗಾರೆ ಕೆಲಸದ ದ್ಯಾಮಣ್ಣನ ಕಾಲು ಒಂದು ಕಡೆ ನಿಂತಿರಲಿಲ್ಲ. ಸ್ಕ್ಯಾಫೋಲ್ಡಿಂಗಿನ ಅಟ್ಟಣಿಗೆ ಹತ್ತುವುದು, ಗೋಡೆ ಮುಟ್ಟುವುದು, ಇಳಿಯುವುದು, ಮತ್ತೆ ಹತ್ತುವುದು.

ಈ ಪರದೇಶದ ಸ್ಟೌಫ್‌ವಿಲ್ ಊರು ದಾಟಿದರೆ ಸಿಗುವ ದಿಬ್ಬದ ಮೇಲೆ ಆ ಹೊಸ ಚರ್ಚು ಏಳುತ್ತಿತ್ತು. ಅದಕ್ಕೆ ಮಾದರಿಯಾದ ಹಳೆಯ ಚರ್ಚಿನ ಫೋಟೋ ಬಾಗಿಲ ಪಕ್ಕದಲ್ಲಿತ್ತು. ಎಂಟುನೂರು ವರ್ಷದ ಹಿಂದೆ, ಕಡಲಾಚೆಯ ಗುಡ್ಡದ ನೆತ್ತಿಯಲ್ಲಿ ಸನ್ಯಾಸಿಗಳು ಕಟ್ಟಿದ್ದು. ಒಳಗೋಡೆ ತುಂಬ ಚಿನ್ನದ ಪ್ರಭಾವಳಿ ಹೊತ್ತ, ಅಗಲ ಕಣ್ಣಿನ ಸಂತರು. ನಟ್ಟನಡುವಿನ ತಾಯಿ ಮೇರಿಗೆ ಮಾತ್ರ ಮುಖವಿಲ್ಲ, ಬರೀ ಕಲ್ಲು. “ರಿಪೇರಿಗೆ ಬಂದವನ್ಯಾರೋ ಸುಣ್ಣ ಕೆಡಿಸಿದ, ಮುಖ ಉದುರಿತು,” ಎಂದಿದ್ದರು ಚಿತ್ರ ಬರೆಯಲು ಅಲ್ಲಿಂದಲೇ ಬಂದಿದ್ದ ಮುದಿ ಸನ್ಯಾಸಿನಿ. ಅವರ ದೃಷ್ಟಿ ಮಂಜಾಗುತ್ತಿತ್ತು. ಭಾನುವಾರ ವಿಮಾನ ಹತ್ತುವ ಮೊದಲು ಆ ಮುಖವನ್ನು ಇಲ್ಲಿ ಬರೆದು ಹೋಗುವುದೊಂದೇ ಹಂಬಲ.

ಗಾರೆ ಹಸಿಯಿದ್ದಾಗಲೇ ಬಣ್ಣ ಬೀಳಬೇಕು. ಆದರೆ ನವೆಂಬರಿನ ಚಳಿಗೆ ಹಚ್ಚಿಟ್ಟ ಹೀಟರಿನ ಬಿಸಿಗೆ ದ್ಯಾಮಣ್ಣನ ಗಾರೆ ಎರಡು ಸಲ ಬಿರುಕು ಬಿಟ್ಟಿತ್ತು. ಕೊನೆಗೆ ಅವನು, ಅಪ್ಪ ನವಲಗುಂದದಲ್ಲಿ ಮಾಡುತ್ತಿದ್ದಂತೆ, ಯಾರಿಗೂ ಹೇಳದೆ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿದ. ಮೊನ್ನೆ ಮೂಲೆಯಲ್ಲಿ ಬಳಿದು ನೋಡಿದ್ದು ಕಲ್ಲಿನಂತೆ ನಿಂತಿತು. ಇಂದು ನಸುಕಿನಲ್ಲಿ ಮುಖದ ಜಾಗಕ್ಕೂ ಅದನ್ನೇ ಬಳಿದ. ಕೈ ತೊಳೆದು ಮೂಲೆಯತ್ತ ನೋಡಿದರೆ, ಗೋಡೆಯಿಂದ ಚಹಾದಂಥ ಕಂದು ಕಲೆ ಒಸರುತ್ತಿತ್ತು!

“ಯಾಕಲೇ ದ್ಯಾಮ್ಯಾ, ಬಾಲಾ ಸುಟ್ಟ ಬೆಕ್ಕಿನಂಗ ಅಡ್ಡಾಡಾಕತ್ತಿ?” ಎಂದ ಜೊತೆಗಾರ ಮಡಿವಾಳಪ್ಪ.

“ಬೆಲ್ಲಾ ಹಾಕೇನಪಾ.”

“ಚಾದಾಗ?”

“ಗ್ವಾಡ್ಯಾಗ.” ದ್ಯಾಮಣ್ಣ ಮೂಲೆಯ ಕಲೆ ತೋರಿಸಿದ.

ಮಡಿವಾಳಪ್ಪನ ನಗು ಅರ್ಧಕ್ಕೇ ನಿಂತಿತು. “ಬಾಯಿ ಮುಚ್ಕೊಂಡಿರು. ಕಲಿ ಮ್ಯಾಲೆ ಬರೂದ್ರಾಗ ಆಕಿ ವಿಮಾನದಾಗಿರ್ತಾಳ. ನಿನ್ನ ಕೆಲಸದ ಪ್ರೊಬೇಶನ್ ಮುಗ್ಯಾಕ ಇನ್ನೊಂದು ವಾರ ಐತಿ, ನೆನಪಿರಲಿ.”

ಸನ್ಯಾಸಿನಿ ಒಂದೊಂದೇ ಮೆಟ್ಟಿಲು ತಡವರಿಸಿ ಹತ್ತಿದರು. ಶಿಲುಬೆಯ ಗುರುತು ಮಾಡಿಕೊಂಡು ಕುಂಚ ಅದ್ದಿದರು. ದ್ಯಾಮಣ್ಣನ ಕಣ್ಣು ಫೋಟೋದ ಬೋಳು ಕಲ್ಲಿನ ಮೇಲೆ ಬಿತ್ತು.

“ಸಿಸ್ಟರ್, ಸ್ಟಾಪ್! ಶುಗರ್... ವಾಲ್‌ನಾಗ ಶುಗರ್!”

ಅವರು ಗಾರೆಗೆ ಬೆರಳು ತಾಗಿಸಿ ನಾಲಿಗೆಗೆ ಇಟ್ಟುಕೊಂಡರು.

“ನಿನ್ನ ಅಪ್ಪನ ಗೋಡೆಗೆ ಬಣ್ಣವಿತ್ತೇ?” ಅವನು ಅಪ್ಪನ ಬೆಲ್ಲದ ಕಥೆಯೆಲ್ಲ ಹೇಳಿದ ಮೇಲೆ ಅವರು ಇಂಗ್ಲಿಷಿನಲ್ಲೇ ಕೇಳಿದರು.

“ನೋ ಸಿಸ್ಟರ್. ಓನ್ಲಿ ಸುಣ್ಣ. ಎವ್ರಿ ಇಯರ್ ಸುಣ್ಣ.”

ಅವರು ಅವನ ಕೈಗೆ ಕರಣೆ ಕೊಟ್ಟರು. “ಕೆರೆದು ತೆಗೆ.”

ತನ್ನ ಗಾರೆಯನ್ನು ತಾನೇ ಕೆರೆದು ಹಾಕಿದ. ಹೊಸದನ್ನು ಕಲಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಇಡೀ ಮುಖಕ್ಕೆ ಬೆಳಕು ಸಾಲದು, ಕಣ್ಣಿನ ಜಾಗಕ್ಕಷ್ಟೇ ಬಳಿ ಎಂದರು ಸನ್ಯಾಸಿನಿ. ಈ ಸಲ ಬೆಲ್ಲ ಹಾಕದೆ ಹೀಟರನ್ನೇ ನಂದಿಸಿ, ಗಾರೆ ಬೇಗ ಒಣಗದಂತೆ ಸುತ್ತ ಒದ್ದೆ ಗೋಣಿಚೀಲ ಕಟ್ಟಿದ.

“ಬೆಲ್ಲಾನ ಚಲೋ ಇತ್ತಲೇ,” ಎಂದ ಮಡಿವಾಳಪ್ಪ, ಹಲ್ಲು ಕಟಕಟ ಎನ್ನುತ್ತ.

ನಾಲ್ಕೂವರೆಗೆ ಬೆಳಕು ಹೋಗುವಾಗ ಗೋಡೆಯಲ್ಲಿ ಎರಡು ಕಣ್ಣಿದ್ದವು. ಬಿರುಕಿರಲಿಲ್ಲ. ಸನ್ಯಾಸಿನಿ ದ್ಯಾಮಣ್ಣನ ಹೆಗಲು ಹಿಡಿದು ಕೆಳಗಿಳಿದರು.

“ನಾಳೆ ಏಳಕ್ಕೆ ಬಾ. ಮೂಗು ಬಾಕಿ ಇದೆ.”