ಎದುರು ತಂಡದ ಬೆಂಚು

ತೊಲೆಗೆನ್ ಎಂಬ ಹೆಸರನ್ನು ನೀವು ಕೇಳಿರಲಾರಿರಿ. ಐಸ್ ಹಾಕಿಯಲ್ಲಿ ಗೋಲು ಹೊಡೆದವನ ಹೆಸರನ್ನು ಜನ ತಮ್ಮ ಮಕ್ಕಳಿಗೆ ಇಡುತ್ತಾರೆ. ಗೋಲು ಆಗದಂತೆ ತಡೆದವನ ಹೆಸರು ಅವನ ಬೀದಿಯವರಿಗೇ ಗೊತ್ತಿರುವುದಿಲ್ಲ. ನಾನೂ ಡಿಫೆಂಡರೇ, ಆದ್ದರಿಂದ ಈ ಮಾತಿನಲ್ಲಿ ಸ್ವಲ್ಪ ಹೊಟ್ಟೆಯುರಿ ಇದೆ. ಇರಲಿ.

ತೊಲೆಗೆನ್ ರುದ್ನಿ ಎಂಬ ಊರಿನಲ್ಲಿ ಆಡಲು ಶುರು ಮಾಡಿದ. ಅಲ್ಲಿಂದ ಕೊಕ್ಷೆತಾವ್, ಆಮೇಲೆ ಬೆಲಾರಸ್, ಒಂದು ಚಳಿಗಾಲ ರೊಮೇನಿಯ. ಕೆಟ್ಟ ಆಟಗಾರನೆಂದು ಯಾರೂ ಅವನನ್ನು ಕಳಿಸಲಿಲ್ಲ, ಕಾಲು ಚುರುಕಿರುವ ಇನ್ನೊಬ್ಬ ಸಿಕ್ಕಾಗ ಕಳಿಸಿದರು. ತೆಮಿರ್ತಾವ್‌ನ ನಮ್ಮ ಬಲ್ಗಾ ತಂಡದಲ್ಲಿ ಮಾತ್ರ ಆರು ವರ್ಷ ನಿಂತ, ಅಷ್ಟೂ ವರ್ಷ ನನ್ನ ಜೋಡಿಯಾಗಿ. ಡಿಫೆಂಡರುಗಳು ಜೋಡಿಯಾಗಿಯೇ ಇಳಿಯುತ್ತಾರೆ, ಜೋಡಿಯಾಗಿಯೇ ಬಂದು ಬೆಂಚಿನಲ್ಲಿ ಕೂರುತ್ತಾರೆ. ನನಗಿಂತ ದೊಡ್ಡವನಾದ್ದರಿಂದ ಹೆಸರು ಮೊಟಕಿಸಿ, ಗೌರವಕ್ಕೆ, ಅವನನ್ನು ತೋಕೆ ಎನ್ನುತ್ತಿದ್ದೆ. "ನನ್ನ ಪಕ್ಕ ಕೂತಿದ್ದಕ್ಕಿಂತ ಅವನ ಪಕ್ಕ ಕೂತಿದ್ದೇ ಜಾಸ್ತಿ ನೀನು" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಎರಡು ವರ್ಷದ ಹಿಂದೆ ನಮ್ಮ ಕೋಚ್ ಗೆನ್ನಾದಿ ಪಾವ್ಲೊವಿಚ್ ಕೂಡ ಅವನನ್ನು ಕೈಬಿಟ್ಟರು. ಪಾವ್ಲೊದಾರ್‌ನ ಬೋರಾನ್ ತಂಡ ಕರೆದುಕೊಂಡಿತು. ಈ ಮಾರ್ಚಿನಲ್ಲಿ ನಾಕ್‌ಔಟ್ ಸುತ್ತಿಗೆ ನಮ್ಮೆದುರು ಬಂದದ್ದು ಅದೇ ಬೋರಾನ್. ಸರಣಿ ಸಮವಾಗಿ, ಕೊನೆಯ ಆಟ ನಮ್ಮೂರಿಗೆ ಬಿತ್ತು. ಹಿಂದಿನ ದಿನ ತೋಕೆ ನಮ್ಮ ಮನೆಗೆ ಚಹಾಕ್ಕೆ ಬಂದ. ಮೊಣಕಾಲು ಮಡಚಲಾಗದೆ ಕಾಲು ನೀಡಿಕೊಂಡೇ ಕೂತ.

"ನಾಳೆ ಗೆದ್ರೆ ಇನ್ನೊಂದು ವರ್ಷ ಇಟ್ಕೋತಾರಂತೆ" ಎಂದ. "ಸೋತ್ರೆ ಮನೆಗೆ. ಮಗಳದ್ದು ಸ್ಕೂಲು ಇನ್ನೊಂದು ವರ್ಷ ಇದೆ ಸಬೀತ್. ಅದೊಂದು ಮುಗಿದ್ರೆ ಸಾಕು."

"ಹಾಗಂತ ನಾನು ಸೋಲ್ಲಾ?"

"ನೀನು ಸೋಲೋದು ಬೇಡ, ನಾನು ಗೆಲ್ತೀನಿ. ಆ ಬೌರ್ಸಾಕ್ ತಟ್ಟೆ ಇತ್ತ ತಳ್ಳು. ಅಷ್ಟೂ ನೀನೇ ತಿಂದ್ರೆ ನಾಳೆ ಐಸ್ ಒಡೆಯುತ್ತೆ."

ಮರುದಿನ ಎರಡನೇ ಅವಧಿಯಲ್ಲಿ ಆಟ ಒಂದು-ಒಂದರಲ್ಲಿ ನಿಂತಿತ್ತು. ಆ ಅವಧಿಯಲ್ಲಿ ತಂಡಗಳು ತಾವು ಕಾಯುವ ಗೋಲು ಬದಲಿಸುತ್ತವೆ, ಬೆಂಚು ಬದಲಾಗುವುದಿಲ್ಲ. ಆಗ ಡಿಫೆಂಡರಿಗೆ ತನ್ನ ಬೆಂಚು ದೂರ, ಎದುರಾಳಿಯದ್ದು ಹತ್ತಿರ. ನಮ್ಮವರು ಬೋರಾನ್‌ನವರನ್ನು ಅವರ ಗೋಲಿನ ಮುಂದೆಯೇ ಕಟ್ಟಿಹಾಕಿದ್ದರು. ತೋಕೆ ಬಹಳ ಹೊತ್ತಿನಿಂದ ಐಸ್ ಮೇಲಿದ್ದ, ಬೆನ್ನು ಬಾಗಿಹೋಗಿತ್ತು. ಆಟದ ರಬ್ಬರ್ ಬಿಲ್ಲೆ, ಪಕ್, ಒಮ್ಮೆ ನಡು ಮೈದಾನಕ್ಕೆ ಹಾರಿದ್ದೇ ತಡ, ಅವನು ಆಟ ನಡೆಯುತ್ತಿರುವಾಗಲೇ ಬದಲಿಯವನಿಗೆ ಜಾಗ ಬಿಡಲೆಂದು ತಲೆ ತಗ್ಗಿಸಿಕೊಂಡು ಹತ್ತಿರದ ಬಾಗಿಲಿಗೆ ಬಂದ. ಅದು ನಮ್ಮದು. ಬಾಗಿಲು ಕಾಯುವ ಕಾಪೆಶ್ ಅಗಾ ಸ್ಕೇಟಿನ ಸದ್ದು ಕೇಳಿ ತೆಗೆಯುವವರೇ ಹೊರತು ಅಂಗಿಯ ಬಣ್ಣ ನೋಡಿ ತೆಗೆಯುವವರಲ್ಲ, ತೆಗೆದರು. ತೋಕೆ ಒಳಗೆ ಬಂದು ಧೊಪ್ಪೆಂದು ನನ್ನ ಪಕ್ಕದಲ್ಲಿ ಕೂತ. ನಾನೂ ಒಂದಿಷ್ಟು ಸರಿದು ಜಾಗ ಕೊಟ್ಟೆ. ಅವನು ಕೈ ಚಾಚಿದ, ನೀರಿನ ಬಾಟಲಿ ಇಟ್ಟೆ. ಅವನು ಕುಡಿಯತೊಡಗಿದ ಮೇಲೆಯೇ ನನಗೆ ಅವನ ಬಿಳಿ ಅಂಗಿ ಕಂಡದ್ದು. ನಮ್ಮದು ನೀಲಿ.

ತಿರುಗಿ ನೋಡಿದೆ. ಗೆನ್ನಾದಿ ಪಾವ್ಲೊವಿಚ್ ನನ್ನನ್ನೇ ನೋಡುತ್ತ ತುಟಿಯ ಮೇಲೆ ಬೆರಳಿಟ್ಟಿದ್ದರು. ಇವನು ತನ್ನ ಬೆಂಚಿಗೆ ಹೋಗಿ ಸೇರದ ಹೊರತು ಬೋರಾನ್‌ನವರು ಬದಲಿಯನ್ನು ಇಳಿಸುವಂತಿಲ್ಲ. ಅವರ ಬದಲಿ ಡಿಫೆಂಡರ್ ಒಂದು ಕಾಲನ್ನು ಬೆಂಚಿನ ಮುಂದಿನ ತಡೆಹಲಗೆಯ ಮೇಲೆ ಹಾಕಿಕೊಂಡು ಅತ್ತಿತ್ತ ಹುಡುಕುತ್ತಿದ್ದ. ಐಸ್ ಮೇಲೆ ಅವರು ನಾಲ್ವರು, ನಾವು ಐವರು, ಪಕ್ ಮತ್ತೆ ನಮ್ಮ ವದೀಮನ ಕೋಲಿಗೆ ಸಿಕ್ಕಿತ್ತು.

ಸುಮ್ಮನಿದ್ದರೆ ಸಾಕಿತ್ತು. ನನ್ನ ಒಪ್ಪಂದವೂ ವರ್ಷ ವರ್ಷದ್ದೇ, ಅದಕ್ಕೆ ಸಹಿ ಹಾಕುವುದು ತುಟಿಯ ಮೇಲಿದ್ದ ಆ ಬೆರಳೇ. ಅದೆಲ್ಲ ಗೊತ್ತಿದ್ದೂ ನನ್ನಿಂದಾಗಲಿಲ್ಲ. ನನ್ನ ಬಾಟಲಿಯ ನೀರು ಕುಡಿಯುತ್ತಿರುವವನ ಮನೆ ಮುಳುಗಿಸುವುದು ಹೇಗೆ?

"ತೋಕೆ, ಏಳು. ನಿನ್ನ ಬೆಂಚು ಆಚೆಗಿದೆ."

ಅವನು ನನ್ನ ಮುಖ ನೋಡಿದ. ಬಾಟಲಿಯನ್ನು ಅದರ ಜಾಗದಲ್ಲಿಟ್ಟ. ಎದ್ದು ಹಲಗೆ ಹಾರಿ, ತನ್ನ ಬೆಂಚಿಗಲ್ಲ, ನೇರ ತನ್ನ ಗೋಲಿನತ್ತ ಓಡಿದ. ವದೀಮ ಕೋಲೆತ್ತಿ ಹೊಡೆಯುವುದಕ್ಕೂ ಇವನು ಅಡ್ಡ ಬೀಳುವುದಕ್ಕೂ ಸರಿಹೋಯಿತು. ಪಕ್ ಅವನ ಮೊಣಕಾಲಿಗೆ ಬಡಿದು ದೂರ ಚಿಮ್ಮಿತು, ಬೋರಾನ್‌ನ ಒಬ್ಬ ಅದನ್ನು ಹಿಡಿದು ಒಂಟಿಯಾಗಿ ಹೋಗಿ ಗೋಲು ಹೊಡೆದ. ಅವನು ನಮ್ಮ ಬೆಂಚಿನಿಂದ ಇಳಿದದ್ದು ತಪ್ಪೆಂದು ನಮ್ಮ ಕೋಚ್ ಕೂಗಾಡಿದಾಗ ರೆಫರಿ ಕೇಳಿದ: "ಬಾಗಿಲು ತೆಗೆದವರು ಯಾರಪ್ಪಾ, ನೀವೇ ಅಲ್ವಾ?" ಹತ್ತಿರ ಕೂತಿದ್ದ ಪ್ರೇಕ್ಷಕರೆಲ್ಲ ನಕ್ಕರು.

ಗೆನ್ನಾದಿ ಪಾವ್ಲೊವಿಚ್ ನನ್ನ ಹಿಂದೆ ಬಂದು ನಿಂತರು. ಅವರು ತಮ್ಮ ಆಟಗಾರರನ್ನು ಬೈಯುವಾಗ ದನಿ ಏರಿಸುವವರಲ್ಲ.

"ಯಾರ ಅನ್ನ ತಿಂತಿದೀಯ ನೀನು?"

"ನಿಮ್ಮದೇ, ಗೆನ್ನಾದಿ ಪಾವ್ಲೊವಿಚ್."

"ಇನ್ನು ಬೇಡ. ಸ್ಕೇಟ್ ಬಿಚ್ಚು."

ಬಿಚ್ಚಲಿಲ್ಲ, ಆದರೆ ಅವರು ನನ್ನನ್ನು ಮತ್ತೆ ಇಳಿಸಲೂ ಇಲ್ಲ. ಮೂರನೇ ಅವಧಿಯುದ್ದಕ್ಕೂ ಕೂತೇ ಇದ್ದೆ. ಪಕ್ಕದಲ್ಲಿ ಜಾಗ ಖಾಲಿಯಿತ್ತು, ಯಾರೂ ಬಂದು ಕೂರಲಿಲ್ಲ. ನಾವು ಸೋತೆವು.

ಸರಣಿ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕಬೇಕು. ತೋಕೆ ಕುಂಟುತ್ತ ಬಂದ. ಅವನ ಮಟ್ಟಿಗೆ ನನಗೆ ಸಂತೋಷವೇ ಆಗಿತ್ತು.

"ಸಿಕ್ತಲ್ಲಪ್ಪ ನಿನ್ನ ವರ್ಷ" ಎಂದೆ.

ಅವನು ಕೈ ಬಿಡಲಿಲ್ಲ. "ನನಗೆ ಗೊತ್ತಿತ್ತು ಕಣೋ."

"ಏನು?"

"ಅದು ನಿಮ್ಮ ಬೆಂಚು ಅಂತ. ಬರೋವಾಗ ಗೊತ್ತಿರ್ಲಿಲ್ಲ, ಕೂತ ತಕ್ಷಣ ಗೊತ್ತಾಯ್ತು. ಏಳೋಕೆ ಮನಸ್ಸೇ ಬರ್ಲಿಲ್ಲ. ಕಾಲಲ್ಲಿ ಜೀವ ಇಲ್ಲ ಸಬೀತ್. ಸಾಕು, ಮಗಳಿಗೆ ಏನೋ ಒಂದು ಹೇಳಿದ್ರಾಯ್ತು, ಇಲ್ಲೇ ಮುಗಿದುಹೋಗ್ಲಿ ಅನ್ನಿಸ್ತು."

ಹಿಂದಿನವರು ಅವನನ್ನು ತಳ್ಳುತ್ತಿದ್ದರು. ನನ್ನ ಕೆಲಸ ಹೋಗಿತ್ತು. ಅದೂ ಇಂಥವನಿಗಾಗಿ, ಅವನಿಗೇ ಬೇಡದಿದ್ದ ಒಂದು ವರ್ಷಕ್ಕಾಗಿ. ಅವನ ಹಲ್ಲು ಉದುರಿಸಬೇಕು ಎನ್ನಿಸಿತು.

"ಮತ್ತೆ ಯಾಕೆ ಎದ್ದೆ? ಕೂತಿರಬೇಕಿತ್ತು."

"ನೀನು ಕರೆದೆಯಲ್ಲ" ಎಂದ. "ನೀನು ಕರೆದು ನಾನು ಬರದೆ ಇದ್ದಿದ್ದು ಯಾವತ್ತಾದ್ರೂ ಇದೆಯಾ?"

ಬೈಯಲೆಂದು ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಸೋತದ್ದಕ್ಕೆ ಅಳುತ್ತಿದ್ದಾನೆಂದು ತಿಳಿದು ನಮ್ಮವರು ನನ್ನ ಬೆನ್ನು ಸವರಿದರು.