ಕತ್ತರಿಸಿಟ್ಟ ಉಸಿರುಗಳು

ಅಕ್ಕ ಸ್ಟುಡಿಯೋದ ಮೂರು ಮಹಡಿ ಹತ್ತಿ ಬಂದು ನನ್ನ ಕುರ್ಚಿಯಲ್ಲೇ ಕುಸಿದಳು. ಲಿಫ್ಟ್ ಕೆಟ್ಟು ವಾರವಾಗಿತ್ತು, ಹೇಳೋರಿಲ್ಲ ಕೇಳೋರಿಲ್ಲ. ಸ್ವಂತ ಅಕ್ಕನಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಸಿನಿಮಾದಲ್ಲಿ ಯಂತ್ರದ ಹುಡುಗಿಗೆ ದನಿ ಕೊಟ್ಟವಳು. ಆ ದನಿಗೆ ಕತ್ತರಿ ಹಾಕುವ ಕೆಲಸ ನನ್ನದಾಗಿತ್ತು. ಯಂತ್ರ ಉಸಿರಾಡುವುದಿಲ್ಲ ಎಂದು ನಿರ್ದೇಶಕರು ಹಟ ಹಿಡಿದಿದ್ದರು. ಮಾತಿನ ಹಿಂದೆ ಮುಂದೆ ಅವಳು ಎಳೆದುಕೊಂಡ ಉಸಿರನ್ನೆಲ್ಲ ಒಂದೊಂದಾಗಿ ಕಿತ್ತು ತೆಗೆದಿದ್ದೆ.

ಈಗ ಎರಡನೇ ಭಾಗ. ಹಳೆಯ ಮಾತುಗಳನ್ನು ಕಂಪ್ಯೂಟರಿಗೆ ತಿನ್ನಿಸಿ, ಅವಳ ದನಿಯನ್ನು ಅದರಿಂದಲೇ ಹೊರಡಿಸಿದ್ದಾರೆ. ಅವಳನ್ನು ಒಂದು ಮಾತೂ ಕೇಳಲಿಲ್ಲ. ಆದರೆ ಕತೆಯಲ್ಲಿ ಯಂತ್ರದ ಹುಡುಗಿ ಉಸಿರಾಡಲು ಕಲಿತಿದ್ದಾಳಂತೆ. ಕಂಪ್ಯೂಟರಿಗೆ ಉಸಿರು ಗೊತ್ತಿಲ್ಲ, ನಾನೇ ಕಿತ್ತಿದ್ದೆನಲ್ಲ. ಹಾಗಾಗಿ ಅಕ್ಕನಿಗೆ ಕರೆ ಹೋಯಿತು. ಬರೀ ಉಸಿರಾಡಲು ಆಳು ಕರೆಸುವ ಕಾಲವೂ ಬಂತು.

ಮಧ್ಯಾಹ್ನದವರೆಗೆ ಹೆಣಗಿದೆವು. ಪರದೆಯ ಮೇಲೆ ಇಪ್ಪತ್ತರ ಮುಖ. ಅಕ್ಕನ ಎದೆಯಲ್ಲಿ ಐವತ್ತೆಂಟರ ಗೊರಗೊರ. ನಿರ್ದೇಶಕರು ಫೋನಿನಲ್ಲೇ ಕೇಳಿಸಿಕೊಂಡರು. ಸ್ಪೀಕರ್ ಆನ್ ಆಗಿತ್ತು.

"ಅಜ್ಜಿ ಮೆಟ್ಟಿಲು ಹತ್ತಿದ ಹಾಗಿದೆಯಲ್ರೀ. ಆಗ ಕತ್ತರಿಸಿದ ಹಳೇವು ಇಲ್ವಾ? ಇದ್ರೆ ಅವನ್ನೇ ಹಾಕಿ, ಆಯಮ್ಮನ್ನ ಕಳಿಸಿಬಿಡಿ."

"ಅವೆಲ್ಲ ಆಗಲೇ ಅಳಿಸಿಹೋದ್ವು ಸಾರ್," ಎಂದೆ.

"ಥತ್! ಸರಿ, ಇದರಲ್ಲೇ ಹೇಗೋ ಮುಗಿಸಿ." ಫೋನ್ ಕಟ್ಟಾಯಿತು.

ಅಕ್ಕ ಒಂದು ಗುಟುಕು ನೀರು ಕುಡಿದು ನನ್ನ ಮುಖ ನೋಡಿದಳು. "ಮುರಿದ ಪೆನ್ನೂ ಬಿಸಾಕದ ಜಿಪುಣ ನೀನು. ನಿಜ ಹೇಳು."

ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. ಫೈಲ್ ತೆರೆದೆ. ಎಂಟುನೂರ ಹನ್ನೊಂದು ಉಸಿರು.

ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ನಗುವ ಮುಂಚಿನದು, ಅಳು ನುಂಗಿಕೊಂಡದ್ದು, ಮಾತು ಮರೆತು ತಡವರಿಸಿದ್ದು, ಎಲ್ಲ ಕೇಳಿದಳು. ಕೊನೆಗೆ, "ಎಷ್ಟು ಸಲೀಸಾಗಿ ಎಳ್ಕೋತಿದ್ನಲ್ಲೋ," ಎಂದಳು. ಕಣ್ಣು ತುಂಬಿತ್ತು.

"ಅಳಿಸಿಬಿಡು."

"ಅಕ್ಕಾ, ಮತ್ತೆ ಸಿಗಲ್ಲ."

"ಈ ಫೈಲಿನೊಳಗಿನವಳು ಇರೋವರೆಗೂ ನಾನು ಯಾರಿಗೂ ಬೇಕಾಗಲ್ಲ ಕಣೋ. ನಾಳೆ ಅವರ ಕೈಗೆ ಸಿಕ್ಕರೆ ನೀನು ತಡೀತೀಯಾ?"

ತಡೆಯುವ ತಾಕತ್ತು ನನಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಗುಂಡಿ ಒತ್ತಿದೆ.

ಖಾಲಿಯಾದ ಪರದೆಯನ್ನು ಒಮ್ಮೆ ನೋಡಿ, ಮೇಜು ಹಿಡಿದು ಎದ್ದು, ಅವಳು ಮೈಕಿನ ಮುಂದೆ ಹೋಗಿ ನಿಂತಳು.

"ರೆಕಾರ್ಡ್ ಆಗ್ತಿದೆಯಾ?" ಎಂದು ಕೇಳಿ, ನಾನು ತಲೆಯಾಡಿಸಿದ ಮೇಲೆ, ಗೊರಗೊರ ಸಮೇತ ಉಸಿರೆಳೆದುಕೊಂಡಳು.